ಕಾಲಡಿಯ ಕಲ್ಲು ಓದುವುದು ಹೇಗೆ: ಹಳೇ ಗೋವಾದ ಸಮಾಧಿ ಚಿಹ್ನೆಗಳಿಗೆ ಒಂದು ಕೈಪಿಡಿ

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಅವ್ವ ಹಾನಗಲ್ ಕಡೆಯ ನಮ್ಮೂರಿನಿಂದ ವಾಸ್ಕೋಗೆ ಬಂದಿದ್ದಳು. ಒಂದು ಶನಿವಾರ ಅವಳನ್ನು ಹಳೇ ಗೋವಾಕ್ಕೆ ಕರೆದುಕೊಂಡು ಹೋದೆ. ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿನ ಬಾಗಿಲು ದಾಟಿದ ಕೂಡಲೇ ಅವ್ವ ನಿಂತುಬಿಟ್ಟಳು. ನೆಲದ ತುಂಬ ಚಪ್ಪಡಿ ಕಲ್ಲು. ಕಲ್ಲಿನ ತುಂಬ ಅಕ್ಷರ, ಗುರಾಣಿ, ಶಿಲುಬೆ, ಒಂದರ ಮೇಲೆ ತಲೆಬುರುಡೆ. ಇವೆಲ್ಲ ಸಮಾಧಿ ಕಲ್ಲುಗಳು ಅಂತ ಹೇಳಿದೆ. ‘ಸತ್ತವರ ಎದಿ ಮ್ಯಾಲ ಹೆಂಗ ಕಾಲ ಇಡೂದೋ?’ ಅಂದವಳು ಸೆರಗು ಬಿಗಿಮಾಡಿಕೊಂಡು ಗೋಡೆ ಅಂಚಿಗೇ ನಡೆದಳು.

ಪಕ್ಕದ ಮ್ಯೂಸಿಯಂನಲ್ಲಿ ಮಾತ್ರ ಕತೆಯೇ ಬೇರೆ. ಅಲ್ಲಿ ಕದಂಬರ ಕಾಲದ ವೀರಗಲ್ಲುಗಳಿವೆ. ಅವ್ವನಿಗೆ ಓದು ಬರಹ ಅಷ್ಟಕ್ಕಷ್ಟೆ. ಆದರೆ ಕಲ್ಲಿನ ಮುಂದೆ ನಿಂತು ಕೆಳಗಿನಿಂದ ಮೇಲಕ್ಕೆ ಬೆರಳು ತೋರಿಸುತ್ತಾ ಹೋದಳು. ‘ಇಲ್ಲಿ ಬಡಿದಾಡಿ ಸತ್ತ. ಇಲ್ಲಿ ಅವನ್ನ ಕರ್ಕೊಂಡು ಹೊಂಟಾರ. ಇಲ್ಲಿ ಶಿವನ ಮುಂದ ಕುಂತಾನ.’ ನಮ್ಮೂರ ಹನುಮಪ್ಪನ ಗುಡಿ ಮುಂದೆ ಇಂಥದ್ದೇ ಕಲ್ಲು ಇದೆ. ಅದಕ್ಕೆ ದಿನಾ ನೀರು ಹಾಕಿ ಬೆಳೆದವಳು ಅವಳು.

ಅಂದರೆ ಕಲ್ಲು ಓದುವುದು ನಮಗೆ ಹೊಸದಲ್ಲ. ಒಂದು ಬಗೆಯ ಕಲ್ಲು ಆಗಲೇ ಓದಲು ಬರುತ್ತದೆ. ಇನ್ನೊಂದು ಬಗೆಯದಕ್ಕೆ ಕೆಲವು ಗುರುತುಗಳು ಗೊತ್ತಿರಬೇಕು ಅಷ್ಟೆ. ಗೋವಾದಲ್ಲಿರುವ ಕನ್ನಡದವರು, ರಜೆಗೆ ಬರುವ ಕನ್ನಡದವರು ಒಂದು ಬೆಳಗ್ಗೆ ಇದಕ್ಕೆ ಕೊಡಲಿ ಎಂದು ಈ ಕ್ರಮ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ಪಣಜಿಯ ಕದಂಬ ಬಸ್ ಸ್ಟ್ಯಾಂಡಿನಿಂದ ಹಳೇ ಗೋವಾ ಸುಮಾರು 10 ಕಿಲೋಮೀಟರ್. ಬಸ್ಸು ಬೇಕಾದಷ್ಟಿವೆ. ಮ್ಯೂಸಿಯಂಗೆ ಶುಕ್ರವಾರ ರಜೆ, ಆ ದಿನ ಬಿಟ್ಟು ಹೋಗಿ. ಬೆಳಗ್ಗೆ ಬೇಗ ಹೋದರೆ ಎರಡು ಲಾಭ. ಜನ ಕಡಿಮೆ ಇರುತ್ತಾರೆ, ಬಿಸಿಲು ಓರೆಯಾಗಿ ಬೀಳುತ್ತದೆ. ಸವೆದ ಕಲ್ಲಿಗೆ ಓರೆ ಬೆಳಕೇ ಕನ್ನಡಕ. ನೆತ್ತಿಯ ಮೇಲಿನ ಬೆಳಕಲ್ಲಿ ಏನೂ ಕಾಣದ ಕಲ್ಲು, ಪಕ್ಕದಿಂದ ಬೆಳಕು ಬಿದ್ದಾಗ ಅಕ್ಷರ ಅಕ್ಷರವಾಗಿ ಎದ್ದು ಬರುತ್ತದೆ. ಒಳಗೆ ಕತ್ತಲಿದ್ದರೆ ಕಾವಲಿನವರನ್ನು ಕೇಳಿ, ಮೊಬೈಲ್ ಟಾರ್ಚನ್ನು ನೆಲಕ್ಕೆ ತಾಗುವಷ್ಟು ಕೆಳಗೆ ಹಿಡಿದು ನೋಡಿ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ನಮ್ಮ ಕಡೆ ಶಾಸನ ಓದಲು ಅಕ್ಷರದೊಳಗೆ ಸುಣ್ಣ, ವಿಭೂತಿ, ಹಿಟ್ಟು ತುಂಬುವ ರೂಢಿ ಇದೆ. ಇಲ್ಲಿ ಅದೆಲ್ಲ ಬೇಡ. ನೀರೂ ಹಾಕಬೇಡಿ, ಸೀಮೆಸುಣ್ಣದಿಂದ ಗೆರೆಯನ್ನೂ ಎಳೆಯಬೇಡಿ. ಕಲ್ಲು ಈಗಾಗಲೇ ನೂರಾರು ವರ್ಷ ಕಾಲಡಿ ಸವೆದಿದೆ. ಪೂಜೆ ನಡೆಯುತ್ತಿದ್ದರೆ ಸುಮ್ನೆ ಹಿಂದೆ ಕುಳಿತು ಕಾಯಿರಿ.

ಮೊದಲು ನಮಗೆ ಗೊತ್ತಿರುವ ಕಲ್ಲು

ಚರ್ಚಿಗಿಂತ ಮುಂಚೆ ಮ್ಯೂಸಿಯಂಗೆ ಹೋಗಿ. ಇದು ಆ ಚರ್ಚಿಗೇ ಅಂಟಿಕೊಂಡ ಹಳೆಯ ಕಾನ್ವೆಂಟ್, ಅಂದರೆ ಸನ್ಯಾಸಿಗಳ ಮಠದ ಕಟ್ಟಡ. ಭಾರತೀಯ ಪುರಾತತ್ವ ಇಲಾಖೆಯ ಮ್ಯೂಸಿಯಂ 1964ರಿಂದ ಇಲ್ಲಿದೆ.

ವೀರಗಲ್ಲನ್ನು ಕೆಳಗಿನ ಪಟ್ಟಿಯಿಂದ ಶುರು ಮಾಡಿ. ಕೆಳಗೆ ಕಾಳಗ. ಅಲ್ಲಿ ಹಸುಗಳಿದ್ದರೆ ತುರುಗಳನ್ನು ಬಿಡಿಸಲು ಹೋಗಿ ಸತ್ತವನು. ಕುದುರೆ ಇದ್ದರೆ ದೊಡ್ಡ ಯುದ್ಧ ಇರಬಹುದು. ಗೋವಾದ ಕೆಲವು ಕಲ್ಲುಗಳಲ್ಲಿ ಹಡಗು ಇದೆ. ಹಾನಗಲ್ಲಿನ ಕಲ್ಲುಗಳನ್ನು ನೋಡಿ ಬೆಳೆದ ನನಗೆ ಇದು ಮೈ ಜುಮ್ಮೆನಿಸಿತು. ಗೋವಾ ಕದಂಬರಿಗೆ ನೌಕಾಬಲ ಇತ್ತು. ಅವರ ರಾಜಧಾನಿ ಚಂದ್ರಪುರ, ಅಂದರೆ ಇವತ್ತಿನ ಚಾಂದೋರ್. ಆಮೇಲೆ ಜುವಾರಿ ದಂಡೆಯ ಗೋಪಕಪಟ್ಟಣ. ಸಮುದ್ರದ ಮೇಲೆ ಸತ್ತವನಿಗೂ ಊರಿನವರು ಕಲ್ಲು ನಿಲ್ಲಿಸಿದ್ದಾರೆ. ಮುಂಬೈಯವರಾದರೆ ಬೊರಿವಿಲಿ ಹತ್ತಿರದ ಎಕ್ಸರ್‌ಗೆ ಒಮ್ಮೆ ಹೋಗಿ ಬನ್ನಿ, ಅಲ್ಲಿನ ವೀರಗಲ್ಲುಗಳಲ್ಲೂ ಹಡಗಿನ ಕಾಳಗ ಇದೆ.

ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುತ್ತಾರೆ. ಮೇಲಿನದರಲ್ಲಿ ಲಿಂಗ, ನಂದಿ, ಪೂಜೆ ಮಾಡುವವನು, ಕೈಮುಗಿದು ಕುಳಿತ ವೀರ. ತುದಿಯಲ್ಲಿ ಸೂರ್ಯ ಚಂದ್ರ. ಅವು ಇರುವವರೆಗೆ ಇವನ ಹೆಸರು ಇರಲಿ ಎಂದು ಅರ್ಥ. ಪಟ್ಟಿಗಳ ನಡುವಿನ ಅಂಚಿನಲ್ಲಿ ಅಕ್ಷರಗಳಿದ್ದರೆ ಬಿಡಬೇಡಿ, ಗೋವಾ ಕದಂಬರ ಎಷ್ಟೋ ಶಾಸನ ಕನ್ನಡದಲ್ಲೇ ಇವೆ. ನಮ್ಮ ಕಡೆಯ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸಾಲಿದೆ: ‘ಜಿತೇನ ಲಭ್ಯತೇ ಲಕ್ಷ್ಮೀ, ಮೃತೇನಾಪಿ ಸುರಾಂಗನಾ.’ ಗೆದ್ದರೆ ಸಿರಿ, ಸತ್ತರೆ ದೇವಕನ್ಯೆ.

ಕಂಬದಿಂದ ಒಂದು ಕೈ ಮಾತ್ರ ಚಾಚಿ, ಮೊಣಕೈ ಮಡಚಿ, ಅಂಗೈ ಮೇಲೆತ್ತಿದ್ದರೆ ಅದು ಮಾಸ್ತಿಕಲ್ಲು. ಕೈತುಂಬ ಬಳೆ ಇರುತ್ತವೆ. ಗಂಡ ಸತ್ತರೂ ಬಳೆ ಒಡೆಯದೆ ಅವನ ಜೊತೆ ಹೋದಳು ಎಂಬ ಗುರುತು. ಬೆರಳ ನಡುವೆ ನಿಂಬೆಹಣ್ಣು ಇದೆಯಾ ನೋಡಿ. ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಆಕೆಯ ಹೆಸರೇ ಇರುವುದಿಲ್ಲ, ಕೈ ಒಂದೇ ಇರುತ್ತದೆ. ಆ ಕೈಯ ಮುಂದೆ ನಾನು ಪ್ರತಿ ಸಲ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಈಗ ನೆಲ

ಚರ್ಚಿನೊಳಗೆ ಬನ್ನಿ. ಈಗಿರುವ ಕಟ್ಟಡ 1661ರದು. ಬಾಗಿಲ ಚೌಕಟ್ಟು ಮಾತ್ರ ಅದಕ್ಕೂ ಹಳೆಯದು. ಅದರ ಮೇಲಿನ ಬಳೆ ಬಳೆಯಾಗಿ ಕಾಣುವ ಗೋಳ ಪೋರ್ಚುಗಲ್ ದೊರೆ ಮನುಯೆಲ್‌ನ ಗುರುತು. ನಕ್ಷತ್ರಗಳ ಚಲನೆ ಲೆಕ್ಕ ಹಾಕುವ ಗೋಳ ಅದು. ಸಮಾಧಿ ಕಲ್ಲುಗಳ ಭಾಷೆ ಈ ಬಾಗಿಲಲ್ಲೇ ಶುರುವಾಗುತ್ತದೆ ಅನ್ನಿ.

ಸತ್ತವರನ್ನು ಚರ್ಚಿನ ನೆಲದಲ್ಲೇ ಹೂಳುವುದು ಆಗಿನ ಪದ್ಧತಿ. ಪಾದ್ರಿ ಪೂಜೆ ಮಾಡುವ ಬಲಿಪೀಠಕ್ಕೆ ಹತ್ತಿರ ಆದಷ್ಟೂ ಗೌರವ ಜಾಸ್ತಿ. ಜನರ ಕಾಲಡಿ ಮಲಗುವುದರಲ್ಲಿ ವಿನಯವೂ ಇದೆ, ಒಂದು ಆಸೆಯೂ ಇದೆ. ದಾಟುವವರು ಬಗ್ಗಿ ನೋಡಲಿ, ನಮಗಾಗಿ ಒಂದು ಪ್ರಾರ್ಥನೆ ಹೇಳಲಿ ಅನ್ನುವುದು ಆ ಆಸೆ. ಇದನ್ನು ಹೇಳಿದ ಮೇಲೆ ಅವ್ವ ಗೋಡೆ ಬಿಟ್ಟು ಸ್ವಲ್ಪ ಒಳಗೆ ಬಂದಳು. ಆದರೆ ಬುರುಡೆ ಇದ್ದ ಕಲ್ಲನ್ನು ಕೊನೆಗೂ ತುಳಿಯಲಿಲ್ಲ. ನೀವೂ ಆದಷ್ಟು ಅಂಚಿನಲ್ಲೇ ನಡೆಯಿರಿ. ಕೆತ್ತನೆಯ ಉಬ್ಬು ಮೊದಲು ಸವೆಯುವುದು ಚಪ್ಪಲಿಯ ಕೆಳಗಿನ ಮಣ್ಣಿನಿಂದ.

ಒಂದು ಕಲ್ಲು ಆರಿಸಿಕೊಳ್ಳಿ. ಎಲ್ಲವನ್ನೂ ನೋಡಲು ಹೋದರೆ ಒಂದೂ ಓದಿದಂತಾಗುವುದಿಲ್ಲ. ಅಕ್ಷರ ನೇರವಾಗಿ ಕಾಣುವ ಕಡೆ ಬಂದು ಮಂಡಿಯೂರಿ. ಬರಹ ನಡುವೆ ಇದೆಯಾ, ಅಂಚಿನ ಸುತ್ತ ಓಡಿದೆಯಾ ನೋಡಿ. ಅಂಚಿನಲ್ಲಿದ್ದರೆ ಮೇಲಿನ ಎಡ ಮೂಲೆಯಿಂದ ಹಿಡಿದು ಗಡಿಯಾರದ ಮುಳ್ಳಿನಂತೆ ಸುತ್ತು ಬನ್ನಿ.

ಪೋರ್ಚುಗೀಸ್ ಬರದಿದ್ದರೂ ಬಿಡಿಸಬಹುದಾದ ಅಕ್ಷರ

ಮೊದಲ ಅಡ್ಡಿ ಇದು: ಹಳೆಯ ಕಲ್ಲುಗಳಲ್ಲಿ ‘ಯು’ ಇರಬೇಕಾದ ಕಡೆ ‘ವಿ’ ಇರುತ್ತದೆ, ‘ಜೆ’ ಇರಬೇಕಾದ ಕಡೆ ‘ಐ’. ಒಂದು ಅಕ್ಷರದ ಹೊಟ್ಟೆಯೊಳಗೆ ಇನ್ನೊಂದನ್ನು ಸಣ್ಣದಾಗಿ ಕೂರಿಸುತ್ತಾರೆ. ಅಕ್ಷರದ ತಲೆಯ ಮೇಲೆ ಸಣ್ಣ ಅಲೆಯಂಥ ಗೆರೆ ಕಂಡರೆ ಅಲ್ಲೊಂದು ‘ಎನ್’ ಅಥವಾ ‘ಎಂ’ ನುಂಗಿದ್ದಾರೆ ಅಂತ ಲೆಕ್ಕ. ಕಲ್ಲಿನಲ್ಲಿ ಜಾಗ ಕಡಿಮೆ, ಕೆತ್ತುವ ಶ್ರಮ ಜಾಸ್ತಿ, ಅದಕ್ಕೆ ಈ ಉಪಾಯ. ನಮ್ಮ ಒತ್ತಕ್ಷರ ನೋಡಿದ ಕಣ್ಣಿಗೆ ಇದೇನೂ ಕಷ್ಟ ಅಲ್ಲ.

ಎರಡು ಶುರುಗಳನ್ನು ನೆನಪಿಡಿ. ‘ಅಕೀ ಜಾಜ್’ ಅಂದರೆ ಇಲ್ಲಿ ಮಲಗಿದ್ದಾರೆ. ಕಲ್ಲಿನಲ್ಲಿ ಅದು ಎ, ಕ್ಯೂ, ವಿ, ಐ, ಆಮೇಲೆ ಐ, ಎ, ಝಡ್ ಎಂದು ಕಾಣುತ್ತದೆ. ‘ಸೆಪುಲ್ತೂರ ದೆ’ ಅಂದರೆ ಇಂಥವರ ಸಮಾಧಿ. ಇದನ್ನು ಬರೀ ‘ಎಸ್’ ಎಂದು ಮೊಟಕು ಮಾಡಿರುವುದೂ ಉಂಟು. ಹೆಸರಿನ ಮುಂಚೆ ಒಂಟಿ ‘ಡಿ’ ಇದ್ದರೆ ದೊಂ ಅಥವಾ ದೋನ, ನಮ್ಮ ಶ್ರೀಮಂತರ ಹೆಸರಿಗೆ ದೇಸಾಯಿ ಸೇರಿದ ಹಾಗೆ ಒಂದು ಮರ್ಯಾದೆ. ‘ಮೊಲ್ಯೇರ್’ ಹೆಂಡತಿ. ‘ಕಪಿತಾಂವ್’ ಗೊತ್ತಾಗುತ್ತದೆ, ಕಪ್ತಾನ. ‘ಫಲೆಸೆವ್’ ಬಂದರೆ ಅಲ್ಲಿಂದ ಸತ್ತ ದಿನ ಶುರು. ‘ಎ ದೆ ಸೆವುಸ್ ಎರ್ದೇರೊಸ್’ ಎಂದಿದ್ದರೆ ‘ಮತ್ತು ಇವನ ವಾರಸುದಾರರದು’. ಒಂದೇ ಗುಂಡಿಯಲ್ಲಿ ಮನೆತನದವರು ಒಬ್ಬರ ಮೇಲೊಬ್ಬರು. ಜಮೀನಿನ ಪತ್ರದ ಮಾತು ಸಮಾಧಿ ಮೇಲೆ ಬಂದಿದೆ ಅಲ್ವಾ?

ತಿಂಗಳಿನಲ್ಲಿ ಒಂದು ಮೋಸ ಇದೆ. 7ರ ಪಕ್ಕ ಬಿ, ಆರ್, ಒ ಎಂದು ಕಂಡರೆ ಜುಲೈ ಎಂದು ಬರೆದುಕೊಳ್ಳಬೇಡಿ. ಅದು ಸೆಪ್ಟೆಂಬರ್. ಸೆಪ್ತೆಂ ಎಂದರೆ ಲ್ಯಾಟಿನ್‌ನಲ್ಲಿ ಏಳು. ರೋಮನ್ನರ ಹಳೆಯ ವರ್ಷ ಮಾರ್ಚಿಗೆ ಶುರುವಾಗುತ್ತಿದ್ದರಿಂದ ಸೆಪ್ಟೆಂಬರ್ ಏಳನೇ ತಿಂಗಳಾಗಿತ್ತು. ಹಾಗೇ 8 ಇದ್ದರೆ ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತು ಅಂದರೆ ಎಕ್ಸ್ ಇದ್ದರೆ ಡಿಸೆಂಬರ್. ಇಸವಿಯ ಮುಂದೆ ‘ಎರ ದೆ’ ಎಂದಿರಬಹುದು. ಗಾಬರಿ ಬೇಡ, ಗೋವಾದ ಕಲ್ಲುಗಳಲ್ಲಿ ಅದು ಮಾಮೂಲಿ ಕ್ರಿಸ್ತಶಕವೇ. ಪೋರ್ಚುಗಲ್ಲಿನಲ್ಲಿ ‘ಎರ’ ಎಂಬ ಬೇರೆ ಹಳೆಯ ಶಕೆಯ ಲೆಕ್ಕ 1422ರಲ್ಲೇ ನಿಂತಿತ್ತು, ಅವರು ಗೋವಾ ಹಿಡಿದದ್ದು 1510ರಲ್ಲಿ.

ಇನ್ನು ಕೊನೆಯ ಸಾಲು ನೋಡಿ. ಪಿ, ಎನ್, ಎ, ಎಂ ಎಂಬ ಬಿಡಿ ಅಕ್ಷರಗಳಿದ್ದರೆ ಅದು ಹೆಸರಲ್ಲ. ಪಾದ್ರೆ ನೊಸ್ಸೊ, ಅವೆ ಮರೀಯ. ಎರಡು ಪ್ರಾರ್ಥನೆಗಳ ಮೊದಲ ಅಕ್ಷರ. ಓದಿದವರೇ, ನನಗಾಗಿ ಇವೆರಡು ಹೇಳಿ ಮುಂದೆ ಹೋಗಿ ಎಂಬ ಬೇಡಿಕೆ. ಇದು ಗೊತ್ತಾದ ದಿನದಿಂದ ನನಗೆ ಆ ನಾಲ್ಕು ಅಕ್ಷರ ಕಂಡಾಗಲೆಲ್ಲ ಯಾರೋ ಕೆಳಗಿನಿಂದ ಕರೆದ ಹಾಗೆ ಆಗುತ್ತದೆ.

ಗುರಾಣಿ ಮತ್ತು ಅದರೊಳಗಿನ ಚಿತ್ರ

ಕಲ್ಲಿನ ನಡುವೆ ದೊಡ್ಡದಾಗಿ ಗುರಾಣಿ ಇದ್ದರೆ ಅದು ಮನೆತನದ ಲಾಂಛನ. ಗುರಾಣಿಯ ಮೇಲೆ ಯುದ್ಧದ ಶಿರಸ್ತ್ರಾಣ. ಅದರಿಂದ ಎರಡೂ ಕಡೆ ಇಳಿದ ಎಲೆಬಳ್ಳಿಯಂಥದ್ದು ಬಳ್ಳಿಯಲ್ಲ, ಶಿರಸ್ತ್ರಾಣಕ್ಕೆ ಹೊದಿಸಿದ್ದ ಬಟ್ಟೆ. ಕೆತ್ತುವವರು ಅದನ್ನು ಅಂದವಾಗಿ ಹರಡುತ್ತಾ ಹೋಗಿ ಬಳ್ಳಿಯೇ ಆಗಿಬಿಟ್ಟಿದೆ.

ಗುರಾಣಿಯೊಳಗೆ ಹಿಂಗಾಲ ಮೇಲೆ ಎದ್ದು ನಿಂತ ಒಂಟಿ ಸಿಂಹ ಕಂಡರೆ ಸಿಲ್ವ ಮನೆತನ ಇರಬಹುದು. ಐದು ನಕ್ಷತ್ರ ಇದ್ದರೆ ಕೌತಿನ್ಯೊ. ಆರು ಅಥವಾ ಹದಿಮೂರು ದುಂಡು ಬಿಲ್ಲೆ ಇದ್ದರೆ ಕಾಸ್ತ್ರೊ. ತುದಿಗಳಲ್ಲಿ ಹೂವರಳಿದ ಶಿಲುಬೆ ಪೆರೇರ. ಇರಬಹುದು ಅನ್ನುವುದನ್ನು ಬಿಡಬೇಡಿ. ಒಂದೇ ಪ್ರಾಣಿ ಬೇರೆ ಮನೆತನಗಳಲ್ಲೂ ಇರುತ್ತದೆ. ಬಣ್ಣದಿಂದ ಬೇರೆ ಮಾಡುತ್ತಿದ್ದರು, ಕಲ್ಲಿನಲ್ಲಿ ಬಣ್ಣ ಇಲ್ಲ. ಗುರಾಣಿ ನಾಲ್ಕು ಭಾಗ ಆಗಿದ್ದರೆ ಬೇರೆ ಬೇರೆ ಮನೆತನಗಳ ರಕ್ತ ಕೂಡಿದೆ ಎಂದು ಅರ್ಥ. ಗುರಾಣಿಯ ಚಿತ್ರ, ಬರಹದ ಹೆಸರು ಎರಡೂ ಒಂದನ್ನೇ ಹೇಳಿದರೆ ಮಾತ್ರ ಖಾತ್ರಿ ಮಾಡಿಕೊಳ್ಳಿ. ಹೆಸರಿನಲ್ಲೂ ಒಂದು ಎಚ್ಚರ ಬೇಕು. ಗೋವಾದಲ್ಲಿ ಮತಾಂತರ ಆದವರಿಗೂ ಇವೇ ಹೆಸರುಗಳು ಬಂದವು. ಇವತ್ತಿನ ಪೆರೇರ, ಸಿಲ್ವಗಳೆಲ್ಲ ಆ ಗುರಾಣಿಯ ಮನೆಯವರಲ್ಲ.

ಸಿಂಹ ಕಂಡ ಕೂಡಲೇ ನಮ್ಮವರಿಗೆ ಕದಂಬರ ಸಿಂಹ ನೆನಪಾಗುತ್ತದೆ. ಇಲ್ಲಿನ ಸರ್ಕಾರಿ ಬಸ್ಸಿನ ಮೇಲೂ ಅದೇ ಇದೆಯಲ್ಲ. ಆದರೆ ಎರಡಕ್ಕೂ ನಂಟಿಲ್ಲ. ಒಂದು ಈ ಮಣ್ಣಿನ ರಾಜರದು, ಇನ್ನೊಂದು ಹಡಗಿನಲ್ಲಿ ಬಂದದ್ದು.

ಐದು ಪುಟ್ಟ ಗುರಾಣಿ, ಪ್ರತಿಯೊಂದರಲ್ಲಿ ಐದು ಚುಕ್ಕೆ, ಸುತ್ತ ಕೋಟೆಗಳು ಇದ್ದರೆ ಪೋರ್ಚುಗಲ್ ರಾಜಲಾಂಛನ. ಕತ್ತಿಯ ಆಕಾರದ ಶಿಲುಬೆ ಸಂತಿಯಾಗೊ ಎಂಬ ಕ್ರೈಸ್ತ ಧಾರ್ಮಿಕ ಪಂಗಡದ ಯೋಧರದು.

ಬುರುಡೆ, ಎಲುಬು, ಮೂರು ಅಕ್ಷರ

ಅವ್ವ ದಾಟದೆ ಬಿಟ್ಟ ಕಲ್ಲಿಗೆ ಬರೋಣ. ಕೆಳಗೆ ಒಂದು ಬುರುಡೆ, ಅದರಡಿ ಅಡ್ಡಡ್ಡ ಎರಡು ಎಲುಬು. ಕಣ್ಣಿನ ಗುಳಿ ಇನ್ನೂ ಆಳವಾಗಿದೆ, ಮೂಗಿನ ಭಾಗ ಸವೆದು ನುಣುಪಾಗಿದೆ. ಹಲ್ಲುಗಳನ್ನು ಒಂದೊಂದಾಗಿ ಗೆರೆ ಎಳೆದು ಮಾಡಿದ್ದಾರೆ. ಮಕ್ಕಳು ಇದನ್ನು ನೋಡಿ ಕಡಲ್ಗಳ್ಳರ ಸಮಾಧಿ ಅನ್ನುತ್ತಾರೆ. ಅಲ್ಲ. ವಿಷದ ಬಾಟಲಿಯ ಗುರುತೂ ಅಲ್ಲ. ಸಾವನ್ನು ಮರೆಯಬೇಡ ಎಂಬ ಮಾತು, ಅಷ್ಟೆ. ಗುರಾಣಿ ಎಷ್ಟೇ ದೊಡ್ಡದಿರಲಿ, ಅದರ ಕೆಳಗೆ ಇದು. ಜಂಬದ ಕಲ್ಲಿನ ಮೇಲೆಯೇ ಜಂಬ ಇಳಿಸುವ ಚಿತ್ರವನ್ನೂ ಅವರೇ ಕೆತ್ತಿಸಿಕೊಂಡರು ಅನ್ನುವುದು ನನಗೆ ಬಹಳ ಹಿಡಿಸುತ್ತದೆ. ಶಿಲುಬೆಯ ಬುಡದಲ್ಲಿ ಬುರುಡೆ ಇದ್ದರೆ ಅರ್ಥ ಬೇರೆ, ಅದು ಬೈಬಲಿನ ಮೊದಲ ಮನುಷ್ಯ ಆದಾಮನದು. ಏಸುವನ್ನು ಶಿಲುಬೆಗೇರಿಸಿದ ಜಾಗದಲ್ಲೇ ಅವನನ್ನು ಹೂಳಲಾಗಿತ್ತು ಎಂಬ ನಂಬಿಕೆ.

ಐ, ಎಚ್, ಎಸ್ ಎಂಬ ಮೂರು ಅಕ್ಷರ ಏಸುವಿನ ಹೆಸರಿನ ಗ್ರೀಕ್ ಮೊದಲಕ್ಷರಗಳು. ಕೆಳಗೆ ಮೂರು ಮೊಳೆ, ಸುತ್ತ ಕಿರಣ ಇದ್ದರೆ ಜೆಸುಯಿಟರ ಗುರುತು. ಇವರೂ ಮುಂದೆ ಬರುವ ಮೂವರೂ ಬೇರೆ ಬೇರೆ ಕ್ರೈಸ್ತ ಸನ್ಯಾಸಿ ಪಂಗಡಗಳು. ಬಾಣ ಚುಚ್ಚಿದ ಹೃದಯ ಅಗಸ್ಟಿನಿಯನ್ನರದು. ಒಂದು ಬರಿಗೈ, ಒಂದು ತೋಳಂಗಿ ತೊಟ್ಟ ಕೈ, ಎರಡೂ ಶಿಲುಬೆಯ ಮುಂದೆ ಅಡ್ಡ ಹಾಯ್ದಿದ್ದರೆ ಫ್ರಾನ್ಸಿಸ್ಕನ್ನರದು. ಬರಿಗೈ ಏಸುವಿನದು, ತೋಳಂಗಿ ಸಂತ ಫ್ರಾನ್ಸಿಸ್‌ನದು. ಬಾಯಲ್ಲಿ ಪಂಜು ಕಚ್ಚಿದ ನಾಯಿ ಡೊಮಿನಿಕನ್ನರದು. ಅಗಲ ಅಂಚಿನ ಟೊಪ್ಪಿಗೆ, ಎರಡೂ ಕಡೆ ಇಳಿಬಿದ್ದ ಗೊಂಡೆ ಬಿಷಪ್ಪರಿಗೆ. ಗೊಂಡೆ ಎಣಿಸಿ ದರ್ಜೆ ಹೇಳುವ ನಿಯಮ ಗಟ್ಟಿಯಾದದ್ದು ತಡವಾಗಿ, ಹಳೆಯ ಕಲ್ಲಿನಲ್ಲಿ ಅದನ್ನು ನಂಬಬೇಡಿ.

ಗುಡ್ಡ ಹತ್ತಿ

ಸೆ ಕೆಥೆಡ್ರಲ್ ಪಕ್ಕದಲ್ಲೇ ಇದೆ, ಅಲ್ಲೂ ನೆಲ ನೋಡಿ. ಕಾಲಿಗೆ ಶಕ್ತಿ ಇದ್ದರೆ ಮೊಂತಿ ಸಾಂತೊ ಗುಡ್ಡಕ್ಕೆ ಹೋಗಿ. ಅಲ್ಲಿ ಸೇಂಟ್ ಅಗಸ್ಟಿನ್ ಚರ್ಚಿನ ಅವಶೇಷ, 46 ಮೀಟರಿನ ಮುರಿದ ಗೋಪುರ. 1842ರಲ್ಲಿ ಚಾವಣಿ ಕುಸಿಯಿತು. ಈಗ ಅಲ್ಲಿನ ಸಮಾಧಿ ಕಲ್ಲುಗಳು ಬಯಲಿನಲ್ಲಿವೆ. ಬೆಳಕು ಬೇಕಾದಷ್ಟು, ಬಾಣ ಚುಚ್ಚಿದ ಹೃದಯ ಹುಡುಕಲು ಇದೇ ಜಾಗ.

ಈ ಗುಡ್ಡದಲ್ಲಿ ಕಲ್ಲು ಓದಿದ್ದರಿಂದ ಒಂದು ದೊಡ್ಡ ಕೆಲಸ ಆಗಿದೆ. ಜಾರ್ಜಿಯಾ ದೇಶದ ರಾಣಿ ಕೆತೆವಾನ್ 1624ರಲ್ಲಿ ಪರ್ಷಿಯಾದ ಶಿರಾಜ್‌ನಲ್ಲಿ ಧರ್ಮ ಬಿಡದೆ ಪ್ರಾಣ ಬಿಟ್ಟಳು. ಅಗಸ್ಟಿನಿಯನ್ ಸನ್ಯಾಸಿಗಳು ಅವಳ ಎಲುಬುಗಳನ್ನು ಇಲ್ಲಿಗೆ ತಂದಿದ್ದರು. ಪುರಾತತ್ವ ಇಲಾಖೆ ಅವನ್ನು ಹುಡುಕುವಾಗ, ಹಳೆಯ ಬರಹಗಳಲ್ಲಿ ಹೆಸರಿಸಿದ್ದ ಸಮಾಧಿ ಕಲ್ಲುಗಳೇ ಎಲುಬುಗಳನ್ನು ಇಟ್ಟಿದ್ದ ಕೋಣೆ ಯಾವುದೆಂದು ತೋರಿಸಿದವು. ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯಲ್ಲಿ ಡಿಎನ್ಎ ಪರೀಕ್ಷೆ ನಡೆಯಿತು. 2021ರಲ್ಲಿ ಭಾರತ ಅವಶೇಷವನ್ನು ಜಾರ್ಜಿಯಾಕ್ಕೆ ಕೊಟ್ಟಿತು. ಕಾಲಡಿಯ ಒಂದು ಹೆಸರನ್ನು ಯಾರೋ ತಾಳ್ಮೆಯಿಂದ ಬಿಡಿಸಿದ್ದಕ್ಕೆ ರಾಣಿ ತನ್ನ ಊರಿಗೆ ಹೋದಳು.

ಊರಿನ ಸ್ಮಶಾನದಲ್ಲಿ

ಇತ್ತೀಚಿನ ಕಲ್ಲು ಓದಲು ಪಣಜಿಯ ಸಾಂತ ಇನೆಸ್‌ನಂಥ ಊರಿನ ಸ್ಮಶಾನಕ್ಕೆ ಹೋಗಬೇಕು. ಮನೆಯವರು ಹೂವಿಡಲು ಬರುವ ಜಾಗ ಇದು. ಕೇಳಿ ಒಳಗೆ ಹೋಗಿ, ಹೊಸ ಸಮಾಧಿಗಳ ಫೋಟೋ ತೆಗೆಯಬೇಡಿ. ಗೋವಾದ ಹಲವು ಸ್ಮಶಾನಗಳ ಬಾಗಿಲ ಮೇಲೆ ಕೊಂಕಣಿಯಲ್ಲಿ ‘ಆಯ್ಜ್ ಮ್ಹಾಕಾ, ಫಾಲ್ಯಾಂ ತುಕಾ’ ಎಂದಿರುತ್ತದೆ. ಇವತ್ತು ನನಗೆ, ನಾಳೆ ನಿನಗೆ. ನೆಲದ ಬುರುಡೆ ಹೇಳಿದ್ದೂ ಇದೇ ಅಲ್ವಾ?

ಇಲ್ಲಿನ ಚಿಹ್ನೆಗಳು ಸರಳ. ನಕ್ಷತ್ರದ ಪಕ್ಕದ ದಿನ ಹುಟ್ಟಿದ್ದು, ಶಿಲುಬೆಯ ಪಕ್ಕದ್ದು ಸತ್ತದ್ದು. ಅರ್ಧಕ್ಕೆ ಮುರಿದ ಕಂಬ ಕಂಡರೆ ಕೆತ್ತಿದವರ ತಪ್ಪಲ್ಲ, ಬದುಕು ಅರ್ಧಕ್ಕೆ ನಿಂತಿದೆ. ತಲೆಕೆಳಗಾದ ಪಂಜು ಆರಿದ ಜೀವ. ಕುರಿಮರಿ ಇದ್ದರೆ ಮಗು. ಬಟ್ಟಲು ಮತ್ತು ರೊಟ್ಟಿ ಪಾದ್ರಿಗೆ. ಲಂಗರು ಎಂದರೆ ಭರವಸೆ. ಆದರೆ ಗೋವಾದ ಎಷ್ಟೋ ಮನೆಗಳಲ್ಲಿ ಗಂಡಸರು ಹಡಗಿಗೆ ಹೋದವರು, ಇವರನ್ನು ಇಲ್ಲಿ ತಾರ್ವೊಟಿ ಅನ್ನುತ್ತಾರೆ. ಹಾಗಾಗಿ ಲಂಗರು ಕಂಡರೆ ಬರಹವನ್ನೂ ಓದಿ, ಅದು ಕಸುಬೂ ಆಗಿರಬಹುದು. ‘ಸವ್‌ದಾದೆ’ ಎಂಬ ಪದ ಮತ್ತೆ ಮತ್ತೆ ಸಿಗುತ್ತದೆ. ಇಲ್ಲದವರಿಗಾಗಿ ಜೀವ ಹಂಬಲಿಸುವುದು.

ಬರೆದಿಟ್ಟುಕೊಳ್ಳಿ

ಫೋಟೋ ಒಂದೇ ಸಾಲದು. ಒಂದು ಸಣ್ಣ ನೋಟ್‌ಬುಕ್ ಇರಲಿ. ಕಲ್ಲು ಎಲ್ಲಿದೆ, ಏನು ಕಂಡಿತು, ಏನು ಓದಲು ಬಂತು, ಯಾವುದು ಊಹೆ, ಎಲ್ಲ ಬೇರೆ ಬೇರೆ ಬರೆಯಿರಿ. ಸವೆದ ಅಕ್ಷರದ ಜಾಗದಲ್ಲಿ ಚುಕ್ಕೆ ಇಡಿ, ನಿಮಗೆ ತೋಚಿದ್ದನ್ನು ತುಂಬಬೇಡಿ. ನೆಲವನ್ನು ರಿಪೇರಿ ಮಾಡುವಾಗ ಕಲ್ಲುಗಳನ್ನು ಎತ್ತಿ ಬೇರೆ ಕಡೆ ಹಾಕಿರುವ ಸಾಧ್ಯತೆ ಇರುತ್ತದೆ, ಹಾಗಾಗಿ ‘ಇವರು ಇಲ್ಲೇ ಇದ್ದಾರೆ’ ಅನ್ನುವ ಬದಲು ‘ಇವರ ಕಲ್ಲು ಇಲ್ಲಿದೆ’ ಅನ್ನಿ. ಆ ಶನಿವಾರದ್ದು ನನ್ನ ನೋಟ್‌ಬುಕ್ಕಿನಲ್ಲಿ ಹೀಗಿದೆ:

ಕಲ್ಲು 4. ಸೇಂಟ್ ಫ್ರಾನ್ಸಿಸ್ ಚರ್ಚು, ಬಾಗಿಲಿನಿಂದ ಒಳಗೆ ಎಡಕ್ಕೆ. ಗುರಾಣಿ ಇದೆ, ಒಳಗಿನ ಚಿತ್ರ ಪೂರ್ತಿ ಸವೆದಿದೆ. ಶಿರಸ್ತ್ರಾಣ ಅರ್ಧ ಉಳಿದಿದೆ. ಬರಹದ ಮೊದಲ ಎರಡು ಸಾಲು ಇಲ್ಲ, ಹೆಸರು ಹೋಗಿದೆ. ‘ಮತ್ತು ಇವನ ವಾರಸುದಾರರದು’ ಓದಲು ಬಂತು. ಕೆಳಗೆ ಬುರುಡೆ, ಎರಡು ಎಲುಬು, ಹಲ್ಲು ಎಣಿಸಬಹುದು. ಕೊನೆಯಲ್ಲಿ ಪಿ, ಎನ್. ಮುಂದಿನ ಎರಡು ಅಕ್ಷರ ಊಹೆ. ಅವ್ವ ಇದನ್ನು ದಾಟಲಿಲ್ಲ, ಪಕ್ಕದಲ್ಲಿ ನಿಂತು ಕೈಮುಗಿದಳು.